ಅಪ್ಪನ ಬಗ್ಗೆ ಬರೆಯಬೇಕು, ಸುಳ್ಳು ಬರೆಯೋಕೆ ಮನಸ್ಸಿಲ್ಲ

ಪ್ರಶ್ನೆ: ನಮ್ಮಪ್ಪ ಐದು ದಿನದ ಹಿಂದೆ ತೀರಿಕೊಂಡರು. 81 ವರ್ಷ. ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದರು. ಗಿರಣಿ ಮುಚ್ಚಿದ ಮೇಲೆ ಚೌಕಿಪೇಟೆಯ ಅಂಗಡಿಯಲ್ಲಿ ಲೆಕ್ಕ ಬರೆದು ನಮ್ಮನ್ನು ಸಾಕಿದರು. ಹನ್ನೊಂದನೇ ದಿನದ ಶಿವಗಣಾರಾಧನೆಗೆ ಪತ್ರಿಕೆಯಲ್ಲಿ ಒಂದು ನುಡಿನಮನ ಹಾಕಿಸಬೇಕು. 'ನೀನು ಟೀಚರ್, ನೀನೇ ಬರಿ' ಅಂತ ಮನೆಯವರು ನನಗೆ ಒಪ್ಪಿಸಿದ್ದಾರೆ. ಅಣ್ಣ ಒಂದು ಮಾದರಿ ಕಳಿಸಿದ್ದಾನೆ: 'ಅಜಾತಶತ್ರು, ಕೊಡುಗೈ ದಾನಿ, ಸ್ನೇಹಜೀವಿ, ಸಜ್ಜನಿಕೆಯ ಸಾಕಾರಮೂರ್ತಿ.' ನಮ್ಮಪ್ಪ ಇದ್ಯಾವುದೂ ಅಲ್ಲ. ಮುಂಗೋಪಿ. ಕೈ ಬಿಗಿ. ಮನೆ ಭಾಗದ ವಿಚಾರಕ್ಕೆ ಚಿಕ್ಕಪ್ಪನ ಜೊತೆ 19 ವರ್ಷ ಮಾತು ಬಿಟ್ಟಿದ್ದರು. ಗಿರಣಿ ಮುಚ್ಚಿದ ಮೇಲೂ ಬೆಳಗಿನ ಪಾಳಿ ಹೊತ್ತಿಗೇ ಎದ್ದು, ಸ್ನಾನ ಮಾಡಿ, ಅಂಗಿ ತೊಟ್ಟು ಕಟ್ಟೆ ಮೇಲೆ ಕೂರುತ್ತಿದ್ದ ಮನುಷ್ಯ ಅವರು. ಸುಳ್ಳು ಬರೆಯೋಕೆ ಮನಸ್ಸಿಲ್ಲ. ನಿಜ ಬರೆದರೆ ಅವ್ವ ನೊಂದುಕೊಳ್ಳುತ್ತಾಳೆ. ಅಸಲಿಗೆ ಈ ಬರಹ ಇರುವುದು ಯಾತಕ್ಕೆ? ಯಾವ ಧಾಟಿಯಲ್ಲಿ ಬರೆಯಬೇಕು?
(ಓದುಗರೊಬ್ಬರು, ನಿಟುವಳ್ಳಿ, ದಾವಣಗೆರೆ)

ಉತ್ತರ: ನಿಮ್ಮ ನುಡಿನಮನದ ಮೊದಲ ಸಾಲು ನಿಮ್ಮ ಪತ್ರದಲ್ಲೇ ಇದೆ. ನೀವು ಗಮನಿಸಿಲ್ಲ ಅಷ್ಟೆ. 'ಗಿರಣಿ ಮುಚ್ಚಿದ ಮೇಲೂ ಬೆಳಗಿನ ಪಾಳಿ ಹೊತ್ತಿಗೇ ಎದ್ದು, ಅಂಗಿ ತೊಟ್ಟು ಕಟ್ಟೆ ಮೇಲೆ ಕೂರುತ್ತಿದ್ದರು.' ಅಣ್ಣ ಕಳಿಸಿದ ನಾಲ್ಕು ಬಿರುದು ಒಂದು ತಕ್ಕಡಿಯಲ್ಲಿಡಿ, ಈ ಒಂದು ಸಾಲು ಇನ್ನೊಂದರಲ್ಲಿಡಿ. ಯಾವುದು ತೂಗುತ್ತೆ ಅಂತ ನಿಮಗೇ ಗೊತ್ತಾಗುತ್ತೆ.

ನಾನು 26 ವರ್ಷ ಇದೇ ಊರಿನ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೂತವನು. ನಿಧನ ವಾರ್ತೆಯ ಕಾಲಂ ಬಹಳ ವರ್ಷ ನನ್ನದೇ. ಹೊಸದಾಗಿ ಸೇರಿದ ಹುಡುಗರಿಗೆ ಕೊಡುವ ಕೆಲಸ ಅದು. ನನಗೆ ಅಂಟಿಕೊಂಡುಬಿಡ್ತು, ನಾನೂ ಬಿಡಿಸಿಕೊಳ್ಳಲಿಲ್ಲ. ಆಗ ಸುದ್ದಿ ಬರುತ್ತಿದ್ದದ್ದು ಚೀಟಿಯಲ್ಲಿ. ಸಂಜೆ ಏಳಕ್ಕೆ ಯಾರೋ ಒಬ್ಬರು, ಸಾಮಾನ್ಯವಾಗಿ ಅಳಿಯ ಅಥವಾ ಪಕ್ಕದ ಮನೆಯವರು, ನೋಟ್‌ಬುಕ್ಕಿನ ಹಾಳೆ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದರು. ಜೊತೆಗೆ ಒಂದು ಪಾಸ್‌ಪೋರ್ಟ್ ಸೈಜ್ ಫೋಟೊ. ಫೋಟೊ ವಾಪಸ್ ಬೇಕು ಅಂತ ಎರಡು ಸಲ ಹೇಳಿ ಹೋಗುತ್ತಿದ್ದರು. ಈಗ ಎಲ್ಲ ವಾಟ್ಸಾಪ್.

ಮೊದಲು ಒಂದು ಗೊಂದಲ ಬಿಡಿಸೋಣ. ಪತ್ರಿಕೆಯಲ್ಲಿ ಸಾವಿಗೆ ಸಂಬಂಧಿಸಿದ್ದು ಮೂರು ಥರ ಬರುತ್ತೆ. ಜನ ಮೂರನ್ನೂ ಕಲಸಿಬಿಡುತ್ತಾರೆ. ನಿಧನ ವಾರ್ತೆ ಅಂದರೆ ಸುದ್ದಿ. ಯಾರು ತೀರಿಕೊಂಡರು, ಯಾವ ಊರು, ವಯಸ್ಸೆಷ್ಟು, ಮಣ್ಣು ಎಲ್ಲಿ, ಎಷ್ಟು ಹೊತ್ತಿಗೆ. ಬರುವವರು ಹೊತ್ತಿಗೆ ಸರಿಯಾಗಿ ಬರಲಿ ಅನ್ನುವುದಷ್ಟೇ ಅದರ ಕೆಲಸ. ಶ್ರದ್ಧಾಂಜಲಿ ಅಂತ ಬಾಕ್ಸ್ ಕಟ್ಟಿ ಬರುವುದು ಜಾಹೀರಾತು. ಅದು ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ದುಡ್ಡು ಕೊಟ್ಟು ಹಾಕಿಸುವುದು. ಅಲ್ಲಿ ನಿಮ್ಮ ದುಃಖ, ನಿಮ್ಮ ಮಾತು, ನಿಮ್ಮಿಷ್ಟ. 'ಮತ್ತೆ ಹುಟ್ಟಿ ಬಾ ಅಪ್ಪಾ' ಅಂತಲೂ ಹಾಕಬಹುದು, ಯಾರೂ ಕೇಳಲ್ಲ. ಮೂರನೆಯದು ನುಡಿನಮನ. ಇದು ತೀರಿಕೊಂಡವರನ್ನು ನೋಡಿಯೇ ಇಲ್ಲದ ಓದುಗನಿಗೆ 'ಹೀಗೊಬ್ಬರು ನಮ್ಮೂರಲ್ಲಿದ್ದರು' ಅಂತ ತೋರಿಸುವ ಬರಹ. ಅಣ್ಣ ಕಳಿಸಿದ್ದು ಎರಡನೆಯದರ ಭಾಷೆ. ನಿಮಗೆ ಬೇಕಾಗಿರುವುದು ಮೂರನೆಯದು. ನಿಮ್ಮ ಒದ್ದಾಟದಲ್ಲಿ ಅರ್ಧ ಇಲ್ಲೇ ಇದೆ.

ಯಾತಕ್ಕೆ ಅಂತ ಕೇಳಿದಿರಿ. ಪತ್ರಿಕೆ ಬರುವ ಎಷ್ಟೋ ಮೊದಲೇ ಈ ಕೆಲಸ ನಮ್ಮಲ್ಲಿತ್ತು. ಹಳ್ಳಿಯಲ್ಲಿ ಸಾವಾದರೆ ಹೆಂಗಸರು ಹೆಣದ ಪಕ್ಕ ಕೂತು ಹಾಡಿಕೊಂಡು ಅಳುವುದನ್ನು ಕೇಳಿದ್ದೀರಲ್ವಾ? ಸುಮ್ಮನೆ ಅಳುವುದಿಲ್ಲ ಅವರು. 'ಬರಗಾಲದಾಗೆ ನಿನ್ನ ಪಾಲಿನ ರೊಟ್ಟಿ ನನಗೆ ಮುರಿದು ಕೊಟ್ಟೆಲ್ಲೋ ಅಣ್ಣಾ', 'ನನ್ನ ಬಾಣಂತನಕ್ಕೆ ಮಳೆಯಾಗೆ ನಡಕೊಂಡು ಬಂದೆಲ್ಲೇ ಅತ್ತೀ' ಅಂತ ಒಂದೊಂದೇ ಸಂಗತಿ ಎತ್ತಿ ಅಳುತ್ತಾರೆ. ಅಲ್ಲಿ 'ಅಜಾತಶತ್ರು' ಅಂತ ಒಬ್ಬಳೂ ಅತ್ತಿದ್ದು ನಾನು ಕೇಳಿಲ್ಲ. ಕೆಲವೊಮ್ಮೆ ಜಗಳವನ್ನೂ ಎತ್ತಿ ಆಡುತ್ತಾರೆ. 'ಹೊಲದ ಬದುವಿಗೆ ನನ್ನ ಮೇಲೆ ಮುನಿಸಿಕೊಂಡೆ, ಈಗ ಯಾರ ಮೇಲೆ ಮುನಿಸಿಕೊಳ್ತೀಯೋ' ಅಂತ. ಯಾರೂ ಅದನ್ನು ಅವಮಾನ ಅಂದುಕೊಳ್ಳುವುದಿಲ್ಲ.

ಇನ್ನೂ ಹಿಂದೆ ಹೋದರೆ ವೀರಗಲ್ಲು, ಕಾದಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ಸಾಮಾನ್ಯವಾಗಿ ಮೂರು ಅಂಕಣ. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಕೂತಿರುವುದು. ಕೆಳಗಿನ ಅಂಕಣ ನೋಡಿ. ದನ ಕದಿಯಲು ಬಂದವರ ಜೊತೆ ಕಾದಾಡಿ ಸತ್ತವನಾದರೆ ಅಲ್ಲಿ ದನಗಳೇ ಇರುತ್ತವೆ. ಅವನು ಹೇಗೆ ಹೋದ ಅನ್ನುವುದು ಕಲ್ಲು ನೋಡಿದವರಿಗೆ ತಿಳಿಯಬೇಕು. ಇಂಥ ಕಲ್ಲುಗಳನ್ನು, ಶಾಸನಗಳನ್ನು ಓದಿ ಅವುಗಳಿಂದ ಜನರ ಬದುಕು ಹೆಕ್ಕಿ ತೆಗೆದ ಎಂ. ಚಿದಾನಂದಮೂರ್ತಿಯವರು ನಮ್ಮ ಜಿಲ್ಲೆಯವರೇ, ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿನವರು. 2020ರ ಜನವರಿಯಲ್ಲಿ ತೀರಿಕೊಂಡರು.

ನನಗೆ ತುಂಬ ಇಷ್ಟವಾದ ನಿಧನದ ಬರಹ ಮಾತ್ರ ಮನುಷ್ಯನದಲ್ಲ, ನಾಯಿಯದು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಹತ್ತನೇ ಶತಮಾನದ ನಡುವಿನದು. ತಕ್ಕೋಲದ ಯುದ್ಧದಲ್ಲಿ ಚೆನ್ನಾಗಿ ಕಾದಿದ ಮಣಲೇರ ಅನ್ನುವವನಿಗೆ ರಾಜ ಏನು ಬೇಕು ಕೇಳು ಅಂದ. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನುವ ಬೇಟೆನಾಯಿ ಕೇಳಿದ. ಆಮೇಲೆ ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೇರ ಅದಕ್ಕೊಂದು ಕಲ್ಲು ನಿಲ್ಲಿಸಿ ಭೂಮಿ ಬಿಡಿಸಿದ. ಇವತ್ತು ಆ ಕಲ್ಲು ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ಸಾವಿರ ವರ್ಷ ದಾಟಿದರೂ ಆ ನಾಯಿಯ ಹೆಸರು ನಮಗೆ ಗೊತ್ತು, ಅದು ಹೇಗೆ ಹೋಯಿತು ಅನ್ನೋದೂ ಗೊತ್ತು. ಯಜಮಾನ ಎಂಥವನು ಅನ್ನೋದೂ ಅವನು ಕೇಳಿದ ಆ ಒಂದು ಬಹುಮಾನದಿಂದಲೇ ಗೊತ್ತಾಗುತ್ತೆ.

ಪಕ್ಕದ ಚಿತ್ರದುರ್ಗಕ್ಕೆ ಬನ್ನಿ. ಓಬವ್ವನ ಬಗ್ಗೆ ನಮಗೆ ಗೊತ್ತಿರುವುದು ಎಷ್ಟು? ಹುಟ್ಟಿದ ದಿನ ಗೊತ್ತಿಲ್ಲ. ಆದರೆ ಗಂಡ ಕಾವಲು ಬಿಟ್ಟು ಊಟಕ್ಕೆ ಬಂದಿದ್ದ, ಅವಳು ಅವನಿಗೆ ನೀರು ತರಲು ಹೋಗಿದ್ದಳು, ಕೈಗೆ ಸಿಕ್ಕಿದ್ದು ಒನಕೆ. ಊಟ, ನೀರು, ಒನಕೆ. ದುರ್ಗದ ಕೋಟೆ ನೋಡಲು ಹೋದ ಯಾವ ಮಗುವನ್ನಾದರೂ ಕೇಳಿ, ಇಷ್ಟನ್ನು ಹೇಳುತ್ತೆ. 'ಧೀರೆ, ಶೂರೆ, ವೀರವನಿತೆ' ಅಂತಷ್ಟೇ ಹೇಳಿಬಿಟ್ಟಿದ್ದರೆ ಆ ಕಿಂಡಿ ಬರೀ ಒಂದು ಕಿಂಡಿ ಆಗಿರುತ್ತಿತ್ತು.

ಈಗ ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಕೆಲಸಕ್ಕೆ ಸೇರಿ ಎರಡನೇ ವರ್ಷ. ಒಂದೇ ದಿನ ಒಂದೇ ಹೆಸರಿನ ಇಬ್ಬರು ತೀರಿಕೊಂಡಿದ್ದರು. ಒಬ್ಬರು ದಲ್ಲಾಳಿ ಮಂಡಿಯವರು, ಇನ್ನೊಬ್ಬರು ನಿವೃತ್ತ ಮೇಷ್ಟ್ರು. ನಾನು ಫೋಟೊ ಅದಲುಬದಲು ಮಾಡಿದೆ. ಬೆಳಿಗ್ಗೆ ಎರಡೂ ಮನೆಯವರು ಬಂದು ಸಿಟ್ಟು ಮಾಡಿದರು. ಮಾಡಬೇಕಾದ್ದೇ. ಕ್ಷಮೆ ಕೇಳಿ ಮಾರನೇ ದಿನ ತಿದ್ದಿ ಹಾಕಿದೆವು. ಆದರೆ ನಮ್ಮ ಸಂಪಾದಕರು ಸಂಜೆ ನನ್ನನ್ನು ಕರೆದು ಎರಡೂ ಬರಹ ಮುಂದಿಟ್ಟು, 'ಫೋಟೊ ತಪ್ಪಿದ್ದು ಬಿಡು. ಇದನ್ನು ಓದಿ ಯಾವುದು ಮಂಡಿಯವರದು, ಯಾವುದು ಮೇಷ್ಟ್ರದು ಹೇಳು' ಅಂದರು. ಎರಡರಲ್ಲೂ ಅದೇ. ಸರಳ ಸಜ್ಜನ, ಪರೋಪಕಾರಿ, ಅಪಾರ ಬಂಧುಬಳಗ, ತುಂಬಲಾರದ ನಷ್ಟ. ವ್ಯಾಪಾರಿಗೆ ಮೇಷ್ಟ್ರ ಬರಹ ಹೊಂದುತ್ತಿತ್ತು, ಮೇಷ್ಟ್ರಿಗೆ ವ್ಯಾಪಾರಿಯದು. ಫೋಟೊ ಬದಲಾಗಿದ್ದು ಮನೆಯವರನ್ನು ಬಿಟ್ಟು ಬೇರೆಯವರಿಗೆ ಗೊತ್ತಾಗಲು ಆ ಬರಹದಲ್ಲಿ ದಾರಿಯೇ ಇರಲಿಲ್ಲ. ಅವತ್ತಿನಿಂದ ಇದೇ ನನ್ನ ಪರೀಕ್ಷೆ. ಬರೆದಾದ ಮೇಲೆ ಫೋಟೊ ಬದಲಿಸಿ ನೋಡಿ. ಬೇರೆ ಮುಖಕ್ಕೂ ಬರಹ ಹೊಂದಿದರೆ ಇನ್ನೂ ಬರೆದಿಲ್ಲ ಅಂತಲೇ ಲೆಕ್ಕ.

ಇನ್ನು ಧಾಟಿ. ಇಂಗ್ಲಿಷ್ ಪತ್ರಿಕೆಗಳಲ್ಲಿ ಒಂದು ಪದ್ಧತಿ ಇದೆ. 'ಸತ್ತರು' ಅನ್ನುವುದಕ್ಕೆ ನೇರ ಪದ ಬಳಸು, ಸುತ್ತಿ ಬಳಸಿ ಹೇಳಬೇಡ ಅಂತ. ಒಳ್ಳೆಯದೇ. ಹಾಗಂತ ಅದನ್ನು ಹಾಗೇ ಎತ್ತಿಕೊಂಡು ಕನ್ನಡದಲ್ಲಿ 'ಸತ್ತರು' ಅಂತ ಬರೆದರೆ ನಮ್ಮವರ ಕಿವಿಗೆ ಒರಟು. ಅದೃಷ್ಟಕ್ಕೆ ನಮ್ಮಲ್ಲಿ 'ತೀರಿಕೊಂಡರು' ಅನ್ನುವ ಪದ ಇದೆ. ನೇರವೂ ಹೌದು, ಮೆತ್ತಗೂ ಹೌದು. ಸಾಲ ತೀರಿತು, ಋಣ ತೀರಿತು ಅನ್ನುವ ಅದೇ 'ತೀರು'. ನಿಮ್ಮ ಪತ್ರದಲ್ಲಿ ನೀವೂ ಅದನ್ನೇ ಬಳಸಿದ್ದೀರಿ. ಬದಲಿಸಬೇಡಿ. 'ವಿಧಿಯ ಕ್ರೂರ ಹಸ್ತಕ್ಕೆ ಸಿಲುಕಿ' ಅಂತ ಬರೆಯಬೇಡಿ. 81 ವರ್ಷ ಬದುಕಿದವರ ವಿಷಯದಲ್ಲಿ ವಿಧಿ ಅಷ್ಟೇನೂ ಕ್ರೂರಿ ಅಲ್ಲ, ಅಲ್ವಾ?

ಲಿಂಗೈಕ್ಯ, ಶಿವೈಕ್ಯ, ಶಿವಾಧೀನ ಇವೆಲ್ಲ ಬರೀ ಅಲಂಕಾರ ಅಲ್ಲ, ನಂಬಿಕೆಯ ಪದಗಳು. ನಿಮ್ಮ ಮನೆತನದಲ್ಲಿ ಇದ್ದರೆ ಖಂಡಿತ ಬಳಸಿ. ಆದರೆ ನಂಬಿಕೆಗೆ ತಕ್ಕ ಪದವೇ ಬೀಳಬೇಕು. ಶರಣ ಸಂಪ್ರದಾಯದ ಮನೆಯೊಂದರ ಹಿರಿಯರಿಗೆ ನಾನೊಮ್ಮೆ 'ಸ್ವರ್ಗಸ್ಥರಾದರು' ಅಂತ ಹಾಕಿ ಬೈಸಿಕೊಂಡಿದ್ದೇನೆ. 'ನಮ್ಮಪ್ಪ ಸ್ವರ್ಗ ಬೇಕು ಅಂತ ಯಾವತ್ತು ಕೇಳಿದ್ರು?' ಅಂದರು ಅವರ ಮಗ. ಉತ್ತರ ಇರಲಿಲ್ಲ ನನ್ನ ಹತ್ತಿರ. ಮುಸಲ್ಮಾನರ ಮನೆಯ ಸುದ್ದಿಗೆ ಹಿಂದೆ 'ಪೈಗಂಬರವಾಸಿ' ಅಂತ ಹಾಕುತ್ತಿದ್ದರು. ನಾನು ಮನೆಯವರನ್ನು ಕೇಳದೆ ಯಾವ ಪದವನ್ನೂ ಹಾಕುವುದಿಲ್ಲ. ಕೇಳಲು ಆಗದಿದ್ದರೆ 'ತೀರಿಕೊಂಡರು', 'ನಿಧನರಾದರು'. ಇವೆರಡು ಯಾರಿಗೂ ಚುಚ್ಚುವುದಿಲ್ಲ.

ಈಗ ಕಷ್ಟದ ಪ್ರಶ್ನೆಗೆ ಬರೋಣ. ಮುಂಗೋಪ, ಬಿಗಿ ಕೈ, ಚಿಕ್ಕಪ್ಪನ ಜಗಳ.

ಲಂಡನ್ನಿನ ಡೈಲಿ ಟೆಲಿಗ್ರಾಫ್ ಪತ್ರಿಕೆಯಲ್ಲಿ ಹ್ಯೂ ಮ್ಯಾಸಿಂಗ್‌ಬರ್ಡ್ ಅಂತ ಒಬ್ಬರಿದ್ದರು. 1986ರಿಂದ 1994ರವರೆಗೆ ನಿಧನ ಬರಹಗಳ ಸಂಪಾದಕರು. ಅಲ್ಲಿಯವರೆಗೆ ಆ ಪುಟ ಅಂದರೆ ಪದವಿ, ಪದಕ, ಹುದ್ದೆಗಳ ಪಟ್ಟಿ. ಅದನ್ನು ಅವರು ಮನುಷ್ಯರ ಕಥೆ ಮಾಡಿದರು. ಅವರ ಪುಟದಲ್ಲಿ ಒಂದು ಗುಪ್ತ ಭಾಷೆಯೇ ಬೆಳೆಯಿತು. 'ಕೂಟಪ್ರಿಯ' ಅಂದರೆ ಕುಡುಕ ಅಂತ ಅರ್ಥ. 'ತಮ್ಮ ಸಾಹಸಗಳನ್ನು ಬಣ್ಣ ಕಟ್ಟಿ ಹೇಳುತ್ತಿದ್ದರು' ಅಂದರೆ ಸುಳ್ಳುಗಾರ. 'ಮೂರ್ಖರನ್ನು ಸಹಿಸುತ್ತಿರಲಿಲ್ಲ' ಅಂದರೆ ಮಹಾ ಸಿಡುಕ. ಓದುವವರಿಗೂ ಗೊತ್ತು, ಬರೆಯುವವರಿಗೂ ಗೊತ್ತು. ನಮ್ಮಲ್ಲೂ ಇದೆ. 'ನೇರ ನಡೆ ನುಡಿಯವರು' ಅಂತ ಬಂದರೆ ಊರಲ್ಲಿ ಎಲ್ಲರ ಜೊತೆ ಜಗಳ ಆಡಿದವರು ಅಂತ ನಮ್ಮ ಡೆಸ್ಕಿನಲ್ಲಿ ಅರ್ಥ ಮಾಡಿಕೊಳ್ಳುತ್ತಿದ್ದೆವು. 'ಮಿತವ್ಯಯಿ' ಅಂದರೆ ಹೇಳುವುದೇ ಬೇಡ.

ಈ ಗುಪ್ತ ಭಾಷೆ ಓದಲು ಮಜಾ. ಆದರೆ ಮನೆಯವರು ಬರೆಯುವಾಗ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಅದರಲ್ಲಿ ಸ್ವಲ್ಪ ಹಿಂದಿನಿಂದ ಗಿಲ್ಲುವ ಗುಣ ಇದೆ. ಮಗಳು ಅಪ್ಪನನ್ನು ಗಿಲ್ಲಬಾರದು. ಅದಕ್ಕಿಂತ ಸುಲಭದ ದಾರಿ ಇದೆ. ಗುಣದ ಹೆಸರು ಹೇಳಬೇಡಿ. ಒಳ್ಳೆಯದನ್ನೂ ಹೇಳಬೇಡಿ, ಕೆಟ್ಟದ್ದನ್ನೂ ಹೇಳಬೇಡಿ. ಅವರು ಮಾಡಿದ್ದನ್ನು ಹೇಳಿ.

ಪತ್ರ ಓದಿದ ಮೇಲೆ ನಿಮಗೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿಸಿದೆನಲ್ಲ, ಅದಕ್ಕೇ. 'ಕೈ ಬಿಗಿ ಅಂದ್ರಲ್ಲ, ಹೇಗೆ?' ಅಂತ ಕೇಳಿದೆ. ನೀವು ಜೇಬಿನ ಪುಸ್ತಕದ ವಿಷಯ ಹೇಳಿದಿರಿ. ಬಸ್ ಚಾರ್ಜಿನಿಂದ ಹಿಡಿದು ಬೆಂಕಿಪೊಟ್ಟಣದವರೆಗೆ ಬರೆದಿಡುತ್ತಿದ್ದರು. ನಿಮ್ಮ ಬಿ.ಎಡ್. ಫೀಸು ಕಟ್ಟುವ ದಿನ ಅದರ ಕೊನೆಯ ಹಾಳೆ ತೆರೆದು ತೋರಿಸಿದರು. ಅಲ್ಲಿ ವಾರಕ್ಕೆ ಇಪ್ಪತ್ತು ರೂಪಾಯಿಯಂತೆ ನಾಲ್ಕು ವರ್ಷದ ಲೆಕ್ಕ ಇತ್ತು. ಇದನ್ನು ಹೇಳುವಾಗ ನಿಮಗೆ ಮಾತು ನಿಂತುಹೋಯಿತು. 'ಕೊಡುಗೈ ದಾನಿ' ಅಂತ ಬರೆಯಬೇಕೋ 'ಜಿಪುಣ' ಅಂತ ಬರೆಯಬೇಕೋ ಅಂತ ತಲೆ ಕೆಡಿಸಿಕೊಂಡಿದ್ದಿರಲ್ಲ, ಆ ಕೊನೆಯ ಹಾಳೆ ಬರೆದರೆ ಎರಡೂ ಪದ ಬೇಕಾಗಲ್ಲ.

ಸಿಟ್ಟೂ ಹಾಗೇ. ಅಂಗಡಿಯ ಲೆಕ್ಕ ಒಂದು ರೂಪಾಯಿ ತಾಳೆಯಾಗದಿದ್ದರೆ ಊಟದ ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದರು, ಅವ್ವ ತಟ್ಟೆ ಮುಚ್ಚಿಟ್ಟು ಕಾಯುತ್ತಿದ್ದಳು ಅಂದಿರಿ. ಇದನ್ನು ಬರೆದರೆ ಅವ್ವ ನೊಂದುಕೊಳ್ಳುತ್ತಾರಾ? ನೀವೇ ಓದಿ ಹೇಳಿ ನೋಡಿ. ನನಗನ್ನಿಸುವುದು, ನಕ್ಕುಬಿಡುತ್ತಾರೆ. ನಕ್ಕು ಅಳುತ್ತಾರೆ.

ನಾನು ಜೋಡಿಸಿದ್ದು ಹೀಗಿದೆ. ಹೆಸರು, ತಾರೀಖು ನೀವು ತುಂಬಿಕೊಳ್ಳಿ.

'ನಮ್ಮ ತಂದೆ ಕೆಲಸ ಮಾಡುತ್ತಿದ್ದ ಹತ್ತಿ ಗಿರಣಿ ಮುಚ್ಚಿ ಎಷ್ಟೋ ವರ್ಷ ಆಗಿತ್ತು. ಆದರೂ ಅವರು ಬೆಳಗಿನ ಪಾಳಿಯ ಹೊತ್ತಿಗೇ ಎದ್ದು, ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು ಮನೆ ಕಟ್ಟೆಯ ಮೇಲೆ ಕೂರುತ್ತಿದ್ದರು. ಸೈರನ್ ಆಗುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಮೊನ್ನೆ ಸೋಮವಾರ ಬೆಳಿಗ್ಗೆ ಕಟ್ಟೆ ಖಾಲಿ ಇತ್ತು. ಹಿಂದಿನ ರಾತ್ರಿ ನಿದ್ದೆಯಲ್ಲೇ ತೀರಿಕೊಂಡಿದ್ದರು. 81 ವರ್ಷವಾಗಿತ್ತು.

ಗಿರಣಿಯ ನಂತರ ಚೌಕಿಪೇಟೆಯಲ್ಲಿ ಲೆಕ್ಕ ಬರೆದರು. ಲೆಕ್ಕ ಒಂದು ರೂಪಾಯಿ ತಪ್ಪಿದರೂ ಊಟದ ತಟ್ಟೆ ಬಿಟ್ಟು ಏಳುತ್ತಿದ್ದರು. ನಮ್ಮ ತಾಯಿ ತಟ್ಟೆ ಮುಚ್ಚಿಟ್ಟು ಕಾಯುತ್ತಿದ್ದರು. ಅಂಗಿ ಜೇಬಿನಲ್ಲಿ ಸದಾ ಒಂದು ಸಣ್ಣ ಪುಸ್ತಕ. ನನ್ನ ಫೀಸು ಕಟ್ಟುವ ದಿನ ಅದರ ಕೊನೆಯ ಹಾಳೆ ತೋರಿಸಿದರು. ವಾರಕ್ಕೆ ಇಪ್ಪತ್ತರಂತೆ ನಾಲ್ಕು ವರ್ಷ ಕೂಡಿಟ್ಟಿದ್ದರು. ಅಷ್ಟೂ ದಿನ ನಾವು ಅವರನ್ನು ಜಿಪುಣ ಅಂದುಕೊಂಡಿದ್ದೆವು.'

ಇಷ್ಟೇ. ಇದರ ಮೇಲೆ 'ಇಂಥ ಮಹನೀಯರ ಅಗಲಿಕೆ' ಅಂತ ಒಂದು ಸಾಲು ಸೇರಿಸಿದರೂ ಹಾಳಾಗುತ್ತೆ. ಅಣ್ಣನ ಕೈಗೆ ಪೆನ್ನು ಕೊಡಬೇಡಿ. ಫೋಟೊ ಬದಲಿಸಿ ನೋಡಿದೆ, ಬೇರೆ ಯಾರಿಗೂ ಹೊಂದುವುದಿಲ್ಲ.

ಕಾನೂನಿನ ಮಾತೂ ಒಂದಿದೆ. ತೀರಿಕೊಂಡವರ ಮಾನಕ್ಕೆ ಧಕ್ಕೆ ಆಗುವಂಥದ್ದನ್ನು ಅವರ ಮನೆಯವರ ಮನಸ್ಸು ನೋಯಿಸಲೆಂದೇ ಬರೆದರೆ ಅದೂ ಮಾನಹಾನಿ ಆಗುತ್ತೆ. ಹಿಂದೆ ಭಾರತೀಯ ದಂಡ ಸಂಹಿತೆಯ 499ನೇ ಕಲಂನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಮಗಳು ಅಪ್ಪನ ಸಿಟ್ಟಿನ ಬಗ್ಗೆ ಪ್ರೀತಿಯಿಂದ ಬರೆಯುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಆದರೆ ಮನೆ ಭಾಗದ ವ್ಯಾಜ್ಯದಲ್ಲಿ ಯಾರದು ಸರಿ, ಯಾರದು ತಪ್ಪು ಅಂತ ಇಲ್ಲಿ ತೀರ್ಪು ಬರೆಯಲು ಹೋಗಬೇಡಿ. ನುಡಿನಮನದಲ್ಲಿ ಎದುರು ಪಕ್ಷದವರಿಗೆ ಮಾತಾಡಲು ಜಾಗ ಇರುವುದಿಲ್ಲ.

ಒಂದು ವಿಷಯ ಕೇಳದಿದ್ದರೂ ಹೇಳುತ್ತೇನೆ, ಯಾಕೆಂದರೆ 26 ವರ್ಷದಲ್ಲಿ ನನಗೆ ಜಾಸ್ತಿ ನಾಚಿಕೆ ತಂದದ್ದು ಇದು. ಹೆಂಗಸರ ನಿಧನ ವಾರ್ತೆ. 'ಇಂಥವರ ಧರ್ಮಪತ್ನಿ, ಇಂಥ ಇಂಜಿನಿಯರ್ ಅವರ ತಾಯಿ, ಇಂಥ ವರ್ತಕರ ಅತ್ತೆ ನಿಧನರಾದರು.' ಆ ಸುದ್ದಿಯಲ್ಲಿ ಆ ತಾಯಿಯನ್ನು ಬಿಟ್ಟು ಎಲ್ಲರೂ ಇರುತ್ತಾರೆ. ಹೆಸರು ಇರುತ್ತೆ, ಅದೂ ಒಂದು ಸಲ. ಸತಿ ಹೋದ ಹೆಂಗಸರ ನೆನಪಿಗೆ ನಿಲ್ಲಿಸಿದ ಹಳೇ ಮಾಸ್ತಿಕಲ್ಲುಗಳೂ ಎಷ್ಟೋ ಹಾಗೇ. ಬಳೆ ತೊಟ್ಟ ಕೈ ಮೇಲೆತ್ತಿರುತ್ತೆ, ಕೈಯಲ್ಲಿ ನಿಂಬೆಹಣ್ಣು. ಯಾರ ಕೈ ಅಂತ ಕಲ್ಲು ಹೇಳುವುದಿಲ್ಲ. ನ್ಯೂಯಾರ್ಕ್ ಟೈಮ್ಸ್‌ನಂಥ ಪತ್ರಿಕೆಗೂ ಈ ಬುದ್ಧಿ ಬಂದದ್ದು 2018ರ ಮಾರ್ಚಿನಲ್ಲಿ. 1851ರಿಂದ ತಾನು ಬಿಟ್ಟುಬಿಟ್ಟ ಹೆಂಗಸರ ನಿಧನ ಬರಹಗಳನ್ನು ತಡವಾಗಿ ಬರೆಯಲು ಶುರು ಮಾಡಿತು. ಮೊದಲ ಕಂತಿನಲ್ಲೇ ನಮ್ಮ ಹಿಂದಿ ಸಿನಿಮಾದ ಮಧುಬಾಲಾ ಇದ್ದರು. ಅವರು ತೀರಿಕೊಂಡದ್ದು 1969ರಲ್ಲಿ.

ಹಾಗಾಗಿ ನಿಮ್ಮ ಬರಹದ ಕೊನೆಯಲ್ಲಿ 'ಪತ್ನಿ, ಒಬ್ಬ ಪುತ್ರ, ಒಬ್ಬ ಪುತ್ರಿಯನ್ನು ಅಗಲಿದ್ದಾರೆ' ಅಂತ ಎಣಿಕೆ ಹಾಕಬೇಡಿ. ಅವ್ವನ ಹೆಸರು ಬರೆಯಿರಿ. ಆ ತಟ್ಟೆ ಮುಚ್ಚಿಟ್ಟು ಕಾದವರು ಅವರು. ನಿಮ್ಮ ಹೆಸರೂ ಬರೆಯಿರಿ. ಹೆಣ್ಣುಮಕ್ಕಳ ಹೆಸರು ಬಿಟ್ಟು ಅಳಿಯಂದಿರ ಹೆಸರು ಹಾಕಿಸುವವರು ಇವತ್ತಿಗೂ ಇದ್ದಾರೆ. ಸಾಧ್ಯವಾದರೆ ಈ ವಾರವೇ ಅವ್ವನ ಪಕ್ಕ ಕೂತು ಅವರ ಕಥೆಯನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಅಪಶಕುನ ಅಂತ ಅಂದುಕೊಳ್ಳಬೇಡಿ. ದೊಡ್ಡ ಪತ್ರಿಕೆಗಳು ದೊಡ್ಡವರ ಬಗ್ಗೆ ಅವರು ಬದುಕಿರುವಾಗಲೇ ಬರೆದಿಟ್ಟಿರುತ್ತವೆ. 2011ರಲ್ಲಿ ಎಲಿಜಬೆತ್ ಟೇಲರ್ ತೀರಿಕೊಂಡಾಗ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದ ಬರಹ ಬರೆದ ಮೆಲ್ ಗಸ್ಸೊ 2005ರಲ್ಲೇ ತೀರಿಕೊಂಡಿದ್ದರು. ಬರೆದವರು ಮೊದಲು ಹೋದರು, ಬರೆಸಿಕೊಂಡವರು ಆರು ವರ್ಷ ಆದ ಮೇಲೆ.

ಇನ್ನು ಚಿಲ್ಲರೆ ವಿಷಯಗಳು. ವಯಸ್ಸು ಆಧಾರ್ ನೋಡಿ ಬರೆಯಬೇಡಿ. ಆ ತಲೆಮಾರಿನವರ ಹುಟ್ಟಿದ ದಿನ ಬಹಳಷ್ಟು ಸಲ ಶಾಲೆಯ ಮೇಷ್ಟ್ರು ಅಂದಾಜಿಗೆ ಬರೆದ ಜೂನ್ 1. ಮನೆಯ ಹಿರಿಯರನ್ನು ಕೇಳಿ. ಪೂರ್ತಿ ಹುಟ್ಟಿದ ತಾರೀಖು, ಮನೆ ನಂಬರು, ಎಲ್ಲರೂ ಕಾರ್ಯಕ್ಕೆ ಹೋಗಿರುವ ಹೊತ್ತು ಇವನ್ನು ಒಟ್ಟಿಗೆ ಹಾಕಬೇಡಿ. ಕಳ್ಳರೂ ಪತ್ರಿಕೆ ಓದುತ್ತಾರೆ. ಏನು ಕಾಯಿಲೆ ಅಂತ ಬರೆಯುವುದು ಬಿಡುವುದು ಮನೆಯವರಿಗೆ ಬಿಟ್ಟದ್ದು. ಪತ್ರಿಕೆಯ ತುಣುಕನ್ನು ಬ್ಯಾಂಕಿನವರು ಒಪ್ಪುವುದಿಲ್ಲ. ಸಾವಾದ 21 ದಿನದೊಳಗೆ ಪಾಲಿಕೆಯಲ್ಲಿ ನೋಂದಣಿ ಮಾಡಿಸಿ ಮರಣ ಪ್ರಮಾಣಪತ್ರ ತೆಗೆದುಕೊಳ್ಳಿ. ಕಾರ್ಯದ ಗಡಿಬಿಡಿಯಲ್ಲಿ ಬಹಳ ಜನ ಮರೆತು ಆಮೇಲೆ ಅಲೆಯುತ್ತಾರೆ.

ಫೋಟೊ. ದಯವಿಟ್ಟು ಸ್ಟುಡಿಯೋದವರು ನೀಲಿ ಹಿನ್ನೆಲೆ ಹಾಕಿ, ಹೆಗಲಿಗೆ ಕೋಟು ಅಂಟಿಸಿದ್ದು ಬೇಡ. ನಿಮ್ಮಪ್ಪ ಜೀವಮಾನದಲ್ಲಿ ಕೋಟು ಹಾಕಿಲ್ಲ ಅಂತ ನೀವೇ ಅಂದಿರಿ. ಕಟ್ಟೆ ಮೇಲೆ ಕೂತ ಫೋಟೊ ಮೊಬೈಲಿನಲ್ಲಿ ಯಾರ ಹತ್ತಿರವಾದರೂ ಇರುತ್ತೆ, ಮೊಮ್ಮಕ್ಕಳನ್ನು ಕೇಳಿ. ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿಸುತ್ತೇನೆ ಅಂತ ಅಣ್ಣ ಹೊರಟರೆ ಕಟ್ಟಿಸಲಿ ಬಿಡಿ. ಅದು ಅವನ ದುಃಖ. ಆ ನಾಲ್ಕು ಬಿರುದಿಗೂ ಅಲ್ಲಿ ಜಾಗ ಸಿಗುತ್ತೆ, ಮನೆಯಲ್ಲಿ ಜಗಳವೂ ತಪ್ಪುತ್ತೆ.

ಕೊನೆಗೆ ಚಿಕ್ಕಪ್ಪ. 19 ವರ್ಷದ ಮೌನದ ಬಗ್ಗೆ ಬರೆಯಬೇಕೋ ಬೇಡವೋ ಅಂತ ಫೋನಿನಲ್ಲಿ ಮೂರು ಸಲ ಕೇಳಿದಿರಿ. ನಾನು ಬೇಡ ಅಂದೆ. ಆದರೆ ಅವರನ್ನು ಬಿಟ್ಟುಬಿಡಿ ಅಂತಲ್ಲ. ನೀವೇ ಹೇಳಿದಿರಿ, ಮಣ್ಣಿನ ದಿನ ಅವರು ಬಂದರು, ಯಾರ ಜೊತೆಯೂ ಮಾತಾಡಲಿಲ್ಲ, ಕೊನೆಯವರೆಗೂ ನಿಂತಿದ್ದರು ಅಂತ. ಇಬ್ಬರೂ ಒಂದೇ ಗಿರಣಿಯಲ್ಲಿ, ಒಂದೇ ಪಾಳಿಯಲ್ಲಿ ಇದ್ದವರು ಅಂತಲೂ ಅಂದಿರಿ. ಹಾಗಾದರೆ ಗಿರಣಿಯೊಳಗಿನ ನಿಮ್ಮಪ್ಪನನ್ನು ನೋಡಿದವರು ನಿಮ್ಮ ಮನೆತನದಲ್ಲಿ ಅವರೊಬ್ಬರೇ. ನಿಮ್ಮ ಬರಹದಲ್ಲಿ ಗಿರಣಿಯ ಒಳಗಿನದು ಒಂದು ಸಾಲೂ ಇಲ್ಲ ನೋಡಿ. ಯಾವ ಮಷಿನ್ನಿನ ಮೇಲಿದ್ದರು, ಜಾಬರ್ (ಕೆಲಸ ನೋಡಿಕೊಳ್ಳುವ ಮೇಸ್ತ್ರಿ) ಯಾರು, ಮಧ್ಯಾಹ್ನದ ಬುತ್ತಿ ಎಲ್ಲಿ ಕೂತು ತಿನ್ನುತ್ತಿದ್ದರು, ಬೀಗ ಬಿದ್ದ ದಿನ ಏನಂದರು. ಇವತ್ತು ಸಂಜೆ ಹೋಗಿ. ಭಾಗದ ಮಾತು ಎತ್ತಬೇಡಿ. 'ಅಪ್ಪನ ಬಗ್ಗೆ ಪೇಪರಿಗೆ ಬರೀತಿದೀನಿ, ಗಿರಣಿ ದಿನದ್ದು ನಿಮಗೊಬ್ಬರಿಗೇ ಗೊತ್ತು, ಹೇಳಿ ಚಿಕ್ಕಪ್ಪ' ಅನ್ನಿ. ಅವರು ಹೇಳಿದರೆ ಅದು ಎರಡನೇ ಪ್ಯಾರಾ ಆಗಲಿ, ಈಗಿನದು ಮೂರಕ್ಕೆ ಹೋಗಲಿ. 'ಅವರ ತಮ್ಮ ನೆನಪಿಸಿಕೊಳ್ಳುವಂತೆ' ಅಂತ ಶುರು ಮಾಡಿ. ಹತ್ತನೇ ದಿನ ಸಂಜೆ ಆರರೊಳಗೆ ಪತ್ರಿಕೆಯವರ ಕೈ ಸೇರಬೇಕು, ಅದಕ್ಕಿಂತ ತಡ ಆದರೆ ಪುಟ ಕಟ್ಟಿಬಿಟ್ಟಿರುತ್ತಾರೆ. ಹೊರಡುವ ಮುಂಚೆ ಚಿಕ್ಕಪ್ಪನ ಹೆಸರು ಹೇಗೆ ಬರೆಯಬೇಕು ಅಂತ ಅವರನ್ನೇ ಕೇಳಿ ಬರೆದುಕೊಳ್ಳಿ. ಒತ್ತಕ್ಷರ ತಪ್ಪಬಾರದು.